ವಾದಪತ್ರದ ಸತ್ಯಾಪನೆ: ಪಾಲು ವಿಭಾಗದ ದಾವೆಯೊಂದರಲ್ಲಿ ನನ್ನ ಅನುಭವ

ಸಿವಿಲ್ ದಾವೆ ಹೂಡುವವರು ನ್ಯಾಯಾಲಯಕ್ಕೆ ಸಲ್ಲಿಸುವ ವಾದಪತ್ರದಲ್ಲಿ ಕೋರಿಕೆಯ ಭಾಗ ಮುಗಿದ ಮೇಲೆ ಮೂರು ನಾಲ್ಕು ಸಾಲಿನ ಒಂದು ಕಂಡಿಕೆ (ಪ್ಯಾರಾ) ಬರುತ್ತದೆ. ಅದೇ ಸತ್ಯಾಪನೆ. ವಕೀಲರ ಕಚೇರಿಗಳಲ್ಲಿ ನಾವು ಅದನ್ನು ವೆರಿಫಿಕೇಷನ್ ಎನ್ನುತ್ತೇವೆ. ಬಹುಪಾಲು ವಾದಪತ್ರಗಳಲ್ಲಿ ಅದು ಒಂದೇ ಅಚ್ಚಿನಲ್ಲಿರುತ್ತದೆ: "ಮೇಲೆ ಹೇಳಿದ ಎಲ್ಲ ಸಂಗತಿಗಳೂ ನನ್ನ ತಿಳಿವಳಿಕೆ, ಮಾಹಿತಿ ಮತ್ತು ನಂಬಿಕೆಯ ಮಟ್ಟಿಗೆ ಸತ್ಯವಾಗಿವೆ." ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ ಆದೇಶ 6, ನಿಯಮ 15 ಕೇಳುವುದು ಇದಕ್ಕಿಂತ ಹೆಚ್ಚು. ಯಾವ ಯಾವ ಕಂಡಿಕೆಯಲ್ಲಿ ಹೇಳಿರುವುದು ತನ್ನ ಸ್ವಂತ ತಿಳಿವಳಿಕೆಯಿಂದ, ಯಾವುದು ಬೇರೆಯವರಿಂದ ತಿಳಿದು ನಿಜವೆಂದು ನಂಬಿರುವುದು ಎಂಬುದನ್ನು ಕಂಡಿಕೆಯ ಸಂಖ್ಯೆ ಹಿಡಿದು ಹೇಳಬೇಕು. ಸಹಿ ಮಾಡಿದ ದಿನಾಂಕ ಮತ್ತು ಸ್ಥಳವನ್ನೂ ಕಾಣಿಸಬೇಕು. ಇದರ ಜೊತೆಗೆ, 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ವಾದಪತ್ರವನ್ನು ಬೆಂಬಲಿಸಿ ಪ್ರಮಾಣಪತ್ರವನ್ನೂ (ಅಫಿಡವಿಟ್) ಹಾಕಬೇಕು.

ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಸಿವಿಲ್ ದಾವೆಗಳನ್ನು ನಡೆಸುತ್ತ ನಾನು ರೂಢಿಸಿಕೊಂಡ ಕ್ರಮ ಸರಳವಾದದ್ದು: ಸತ್ಯಾಪನೆಯ ವಿಂಗಡಣೆಯನ್ನು ವಾದಪತ್ರ ಟೈಪಾದ ಮೇಲೆ ಮಾಡುವುದಿಲ್ಲ, ಬರೆಯುವ ಮೊದಲೇ ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು ಮಾಡುತ್ತೇನೆ. ಇದರಿಂದ ವಾದಪತ್ರದ ಒಕ್ಕಣೆಯೇ ಬದಲಾಗುತ್ತದೆ. ಹೇಗೆ ಎಂಬುದನ್ನು ಪಾಲು ವಿಭಾಗದ ಒಂದು ದಾವೆಯ ಮೂಲಕ ವಿವರಿಸುತ್ತೇನೆ. ಕಕ್ಷಿದಾರರ ಗುರುತು ತಿಳಿಯುವಂಥ ವಿವರಗಳನ್ನು ಬಿಟ್ಟಿದ್ದೇನೆ.

ವಾದಿ ಮದುವೆಯಾಗಿ ಬೇರೆ ತಾಲ್ಲೂಕಿನಲ್ಲಿದ್ದ ಹೆಣ್ಣುಮಗಳು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಯಲ್ಲಿ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರಿಗೆ ಬದಲಾಯಿಸುವಾಗ, ಜಮೀನೆಲ್ಲ ಅಣ್ಣನ ಹೆಸರಿಗೆ ಬಂದಿತ್ತು. ಇಂಥ ದಾವೆಗಳಲ್ಲಿ ತಪ್ಪದೆ ಬರುವ ಒಂದು ವಾಕ್ಯವಿದೆ: "ಕುಟುಂಬದ ಸ್ವತ್ತುಗಳು ಇದುವರೆಗೆ ವಿಭಾಗವಾಗಿಲ್ಲ." ಇದನ್ನು ಬರೆಯುವ ಮೊದಲು ನಾನು ಕೇಳಿದೆ, "ಅಮ್ಮಾ, ಭಾಗ ಆಗಿಲ್ಲ ಅನ್ನೋದು ನಿಮಗೆ ಹೇಗೆ ಗೊತ್ತು?" ಅವರು, "ನಮ್ಮ ಚಿಕ್ಕಪ್ಪ ಹೇಳಿದ್ರು ಸಾರ್, ನನ್ನನ್ನಂತೂ ಯಾರೂ ಕರೀಲಿಲ್ಲ, ಎಲ್ಲೂ ಸೈನ್ ಹಾಕಿಲ್ಲ" ಎಂದರು. ಮುಂದುವರಿದು ಕೇಳಿದಾಗ, ತಂದೆ ಇರುವತನಕ ಪ್ರತಿ ಸುಗ್ಗಿಯಲ್ಲಿ ಮನೆಗೆ ರಾಗಿ ಬರುತ್ತಿತ್ತು, ತಂದೆ ಹೋದ ಮೇಲೂ ಕೆಲ ವರ್ಷ ಅಣ್ಣ ಕಳಿಸುತ್ತಿದ್ದ, ಆಮೇಲೆ ನಿಂತಿತು ಎಂದು ತಿಳಿಸಿದರು.

ಒಂದೇ ವಾಕ್ಯದೊಳಗೆ ಮೂರು ಬಗೆಯ ತಿಳಿವಳಿಕೆ ಸೇರಿಕೊಂಡಿತ್ತು. ಯಾರೂ ಕರೆಯಲಿಲ್ಲ, ಯಾವ ಪತ್ರಕ್ಕೂ ರುಜು ಮಾಡಿಲ್ಲ, ರಾಗಿ ಬರುತ್ತಿತ್ತು ಎಂಬುವು ಆಕೆಯ ಸ್ವಂತ ತಿಳಿವಳಿಕೆ. ಪಹಣಿಯ 9ನೇ ಅಂಕಣದಲ್ಲಿ ತಂದೆಯ ಹೆಸರೇ ಕೊನೆಯವರೆಗೂ ಇತ್ತು, ನಂತರ ಪೌತಿ ಆಧಾರದ ಮ್ಯುಟೇಷನ್ (ಖಾತೆ ಬದಲಾವಣೆ) ಆಯಿತು ಎಂಬುದು ದಾಖಲೆಗಳಿಂದ ತಿಳಿದದ್ದು. ತಂದೆ ಮತ್ತು ಅಣ್ಣನ ನಡುವೆ ಮನೆಯೊಳಗೆ ಯಾವ ಪಾಲುಪಟ್ಟಿಯೂ ಆಗಿರಲಿಲ್ಲ ಎಂಬುದು ಚಿಕ್ಕಪ್ಪ ಹೇಳಿ ನಂಬಿದ್ದು. ಈ ಮೂರನ್ನೂ ಪ್ರತ್ಯೇಕ ಕಂಡಿಕೆಗಳಾಗಿ ಬರೆದೆ. ಹಾಗೆ ಬರೆದಾಗ ಸತ್ಯಾಪನೆ ತಾನಾಗಿ ರೂಪ ಪಡೆಯಿತು: "ಕಂಡಿಕೆ 1ರಿಂದ 5, 8 ಮತ್ತು 9ರಲ್ಲಿನ ಸಂಗತಿಗಳು ನನ್ನ ಸ್ವಂತ ತಿಳಿವಳಿಕೆಯಿಂದ ಸತ್ಯವೆಂದೂ, ಕಂಡಿಕೆ 6ರಲ್ಲಿನ ಸಂಗತಿಗಳು ಕಂದಾಯ ದಾಖಲೆಗಳಿಂದ ತಿಳಿದು ಸತ್ಯವೆಂದು ನಂಬಿರುವುದಾಗಿಯೂ, ಕಂಡಿಕೆ 7ರಲ್ಲಿನ ಸಂಗತಿಗಳು ನನ್ನ ಚಿಕ್ಕಪ್ಪನವರಿಂದ ತಿಳಿದು ಸತ್ಯವೆಂದು ನಂಬಿರುವುದಾಗಿಯೂ, ಕಂಡಿಕೆ 10ರಿಂದ 12 ಕಾನೂನು ಸಲಹೆಯ ಮೇರೆಗೆ ಹೇಳಿರುವುದಾಗಿಯೂ ಈ ಮೂಲಕ ಸತ್ಯಾಪಿಸುತ್ತೇನೆ."

ಈ ದಾವೆಯಲ್ಲಿ ಆ ಒಂದು ವಾಕ್ಯದ ಮೇಲೆ ಇಷ್ಟು ಹೊತ್ತು ನಿಲ್ಲಲು ಕಾರಣವಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಮಗಳನ್ನು ಹುಟ್ಟಿನಿಂದಲೇ ಸಹದಾಯಾದಿಯನ್ನಾಗಿ, ಅಂದರೆ ಮಗನಂತೆಯೇ ಕುಟುಂಬದ ಸ್ವತ್ತಿನ ಪಾಲುದಾರಳನ್ನಾಗಿ ಮಾಡಿದೆ. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲು ನಡೆದ ವಿಭಾಗ ಮತ್ತು ಪರಭಾರೆಗಳನ್ನು ಅದು ಮುಟ್ಟುವುದಿಲ್ಲ. ವಿಭಾಗವೆಂದರೆ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದದ್ದು ಎಂದೂ ಕಾಯ್ದೆ ಹೇಳುತ್ತದೆ. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಒಪ್ಪಬಹುದು ಎಂದಿತು. ಅಂದಮೇಲೆ ಎದುರು ಪಕ್ಷದವರು ಹಿಡಿಯುವುದು ಇದೇ ಜಾಗವನ್ನು. ತವರಿನಿಂದ ದೂರವಿದ್ದ ಹೆಣ್ಣುಮಗಳು "ಭಾಗವಾಗಿಲ್ಲ ಎಂದು ನನಗೆ ಸ್ವತಃ ಗೊತ್ತು" ಎಂದು ಪ್ರಮಾಣ ಮಾಡಿದ್ದರೆ ಎದುರು ಪಕ್ಷದ ವಕೀಲರ ಪಾಟಿ ಸವಾಲಿನಲ್ಲಿ ಎರಡೇ ಪ್ರಶ್ನೆಗೆ ಆ ಮಾತು ಬಿದ್ದುಹೋಗುತ್ತದೆ, ಅದರೊಂದಿಗೆ ಆಕೆ ನಿಜವಾಗಿ ಕಂಡು ಹೇಳಿದ ಮಾತುಗಳ ತೂಕವೂ ಕಡಿಮೆಯಾಗುತ್ತದೆ.

ಸ್ವಾಧೀನದ ಕಂಡಿಕೆಯನ್ನೂ ಇಷ್ಟೇ ಎಚ್ಚರದಿಂದ ಬರೆಯುತ್ತೇನೆ. ಕರ್ನಾಟಕ ಕೋರ್ಟ್ ಶುಲ್ಕ ಮತ್ತು ದಾವೆಗಳ ಮೌಲ್ಯ ನಿರ್ಣಯ ಕಾಯ್ದೆ, 1958ರ 35ನೇ ಕಲಮಿನಲ್ಲಿ, ವಾದಿ ಜಂಟಿ ಸ್ವಾಧೀನದಲ್ಲಿದ್ದರೆ ನಿಗದಿತವಾದ ಅಲ್ಪ ಶುಲ್ಕ, ಸ್ವಾಧೀನದಿಂದ ಹೊರಹಾಕಲ್ಪಟ್ಟಿದ್ದರೆ ಆಕೆಯ ಪಾಲಿನ ಮಾರುಕಟ್ಟೆ ಮೌಲ್ಯದ ಮೇಲೆ ಶುಲ್ಕ. ಕಡಿಮೆ ಶುಲ್ಕದ ಆಸೆಗೆ "ವಾದಿಯು ಜಂಟಿ ಸ್ವಾಧೀನದಲ್ಲಿದ್ದು ಸಾಗುವಳಿ ಮಾಡುತ್ತಿದ್ದಾಳೆ" ಎಂದು ಬರೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಸಹಹಕ್ಕುದಾರರಲ್ಲಿ ಒಬ್ಬರ ಸ್ವಾಧೀನ ಎಲ್ಲರ ಪರವಾದದ್ದು ಎಂಬ ನ್ಯಾಯತತ್ತ್ವ ಇದ್ದೇ ಇದೆ. ಹಾಗಾಗಿ ಸಾಗುವಳಿ ಅಣ್ಣನದು, ಫಸಲಿನ ಪಾಲು ಇಂಥ ವರ್ಷದವರೆಗೆ ಬರುತ್ತಿತ್ತು, ಪಾಲನ್ನು ನಿರಾಕರಿಸಿದ್ದು ಇಂಥ ತಿಂಗಳು ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಕಾನೂನಿನ ದೃಷ್ಟಿಯಲ್ಲಿ ಜಂಟಿ ಸ್ವಾಧೀನವಿದೆ ಎಂಬುದನ್ನು ಬೇರೆ ಕಂಡಿಕೆಯಲ್ಲಿ ಇಡುತ್ತೇನೆ. ಅದು ಸಲಹೆಯ ಮೇರೆಗೆ ಹೇಳಿದ್ದು ಎಂದು ಸತ್ಯಾಪನೆಯಲ್ಲಿ ಬರುತ್ತದೆ. ಕಾಲಮಿತಿ ಕಾಯ್ದೆಯ 110ನೇ ಅನುಚ್ಛೇದದ 12 ವರ್ಷದ ಲೆಕ್ಕ, ಕುಟುಂಬದ ಸ್ವತ್ತಿನಿಂದ ಹೊರಗಿಟ್ಟದ್ದು ವಾದಿಗೆ ತಿಳಿದ ದಿನದಿಂದ ಶುರುವಾಗುವುದರಿಂದ, ನಿರಾಕರಣೆಯ ದಿನಾಂಕವನ್ನು ಆಕೆಯ ನೆನಪಿನಿಂದಲೇ ಪಡೆಯಬೇಕು. ವಕೀಲರು ಅನುಕೂಲ ನೋಡಿ ಕೂಡಿಸುವಂಥದ್ದಲ್ಲ.

ಷೆಡ್ಯೂಲಿನ, ಅಂದರೆ ವಾದಪತ್ರದಲ್ಲಿ ಸ್ವತ್ತುಗಳ ವಿವರ ಕೊಡುವ ಪಟ್ಟಿಯ ಪರಿಶೀಲನೆಗೆ ನಾನು ಹೆಚ್ಚಿನ ಸಮಯ ಕೊಡುತ್ತೇನೆ. ಆದೇಶ 7, ನಿಯಮ 3ರಂತೆ ಸ್ಥಿರ ಸ್ವತ್ತನ್ನು ಗುರುತಿಸಲು ಸಾಕಾಗುವಷ್ಟು ವಿವರ ಬೇಕು. ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಅಥವಾ ಸರ್ವೆ ನಂಬರು ಇದ್ದಲ್ಲಿ ಕೊಡಬೇಕು. ನನ್ನ ಕಚೇರಿಯಲ್ಲಿ ಗುಮಾಸ್ತರು ಪಹಣಿ ಹಿಡಿದು ಗಟ್ಟಿಯಾಗಿ ಓದುತ್ತಾರೆ, ನಾನು ಟೈಪಾದ ಷೆಡ್ಯೂಲನ್ನು ನೋಡುತ್ತ ಗುರುತು ಹಾಕುತ್ತೇನೆ. ಬರೆದವರೇ ಓದಿಕೊಂಡರೆ ಕಣ್ಣು ತಪ್ಪನ್ನು ದಾಟಿ ಹೋಗುತ್ತದೆ. ಮೊದಲು ಸರ್ವೆ ನಂಬರು ಮತ್ತು ಹಿಸ್ಸಾ (ಅದರ ಉಪವಿಭಾಗ): 45/2 ಮತ್ತು 45/2ಎ ಬೇರೆ ಬೇರೆ ಜಮೀನುಗಳು. ಆಮೇಲೆ ವಿಸ್ತೀರ್ಣ. ಎಕರೆಗೆ 40 ಗುಂಟೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ, 3 ಎಕರೆ 20 ಗುಂಟೆಯನ್ನು 3.20 ಎಂದು ಚುಕ್ಕೆಯಿಟ್ಟು ಬರೆದಾಗ ಕೂಡುವವರು ದಶಮಾಂಶವೆಂದು ಭಾವಿಸುತ್ತಾರೆ. 1 ಎಕರೆ 25 ಗುಂಟೆಗೆ 2 ಎಕರೆ 30 ಗುಂಟೆ ಕೂಡಿದರೆ 4 ಎಕರೆ 15 ಗುಂಟೆ. ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 3.55 ಬರುತ್ತದೆ. ನಾನು ಷೆಡ್ಯೂಲಿನಲ್ಲಿ ಎಕರೆ, ಗುಂಟೆ ಎಂಬ ಪದಗಳನ್ನೇ ಬರೆಸುತ್ತೇನೆ. ಖರಾಬು (ಸಾಗುವಳಿಗೆ ಬಾರದ ಜಾಗ) ಸೇರಿದ ಒಟ್ಟು ವಿಸ್ತೀರ್ಣವೋ, ಖರಾಬು ಕಳೆದು ಉಳಿದದ್ದೋ ಎಂಬುದನ್ನೂ ಅಲ್ಲೇ ಹೇಳಬೇಕು, ಏಕೆಂದರೆ ಪಹಣಿಯ 3ನೇ ಅಂಕಣದಲ್ಲಿ ಎರಡೂ ಇರುತ್ತವೆ.

ಚೆಕ್ಕುಬಂದಿ ಪಹಣಿಯಲ್ಲಿ ಸಿಗುವುದಿಲ್ಲ. ಹಳೆಯ ಕ್ರಯಪತ್ರದಿಂದ ಎತ್ತಿ ಬರೆದರೆ "ಪೂರ್ವಕ್ಕೆ ಇಂಥವರ ಜಮೀನು" ಎಂದಿರುವ ಆ ಇಂಥವರು ತೀರಿಕೊಂಡು ಮಕ್ಕಳು ಮಾರಿರಬಹುದು. ಆದ್ದರಿಂದ ಪತ್ರದಲ್ಲಿರುವ ಗಡಿಯನ್ನೂ ಈಗ ಸ್ಥಳದಲ್ಲಿ ಇರುವ ಗಡಿಯನ್ನೂ ಕಕ್ಷಿದಾರರಿಂದ ಕೇಳಿ, ಪಕ್ಕದ ಸರ್ವೆ ನಂಬರುಗಳನ್ನು ಗ್ರಾಮ ನಕ್ಷೆಯಲ್ಲಿ ತಾಳೆ ನೋಡುತ್ತೇನೆ. ಇಷ್ಟು ಶ್ರಮ ಏಕೆಂದರೆ, ಪಾಲಿನ ದಾವೆಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿಯಾದ ಮೇಲೆ ಕಂದಾಯ ಜಮೀನಿನ ವಿಭಜನೆ ಸಂಹಿತೆಯ 54ನೇ ಕಲಮಿನಡಿ ಜಿಲ್ಲಾಧಿಕಾರಿಯ ಕಡೆಗೆ ಹೋಗುತ್ತದೆ. ಅಲ್ಲಿಂದ ಅಳತೆಗೆ ಬರುವ ಭೂಮಾಪಕರ ಕೈಯಲ್ಲಿ ನಮ್ಮ ವಾದಪತ್ರದ ಷೆಡ್ಯೂಲೇ ಇರುತ್ತದೆ. ಹಿಸ್ಸಾ ಅಕ್ಷರವೊಂದು ತಪ್ಪಿದರೆ ವರ್ಷಗಟ್ಟಲೆ ನಡೆದ ದಾವೆಯ ಫಲ ಹೊಲದ ಬದುವಿನಲ್ಲಿ ನಿಂತುಬಿಡುತ್ತದೆ.

ಸಹಿ ಹಾಕಿಸುವ ದಿನ ಕಕ್ಷಿದಾರರಿಗೆ ವಾದಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತೇನೆ. ಓದು ಬಾರದವರಾದರೆ, ಓದಿ ವಿವರಿಸಲಾಯಿತು, ಅವರು ತಿಳಿದು ಒಪ್ಪಿದರು ಎಂಬ ಒಕ್ಕಣೆ ಸೇರಿಸಿ, ಎಡಗೈ ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ ಅದು ಯಾರದೆಂದು ಬರೆದು, ಓದಿ ಹೇಳಿದವರು ಕೆಳಗೆ ರುಜು ಮಾಡಬೇಕು. ಪ್ರಮಾಣಪತ್ರದ ಪ್ರತಿ ಪುಟಕ್ಕೂ ಸಹಿ, ತಿದ್ದಿದ ಪ್ರತಿ ಜಾಗಕ್ಕೂ ಚಿಕ್ಕರುಜು, ನೋಟರಿಯ ಮುಂದೆ ಕಕ್ಷಿದಾರರು ಖುದ್ದು ಹಾಜರು. ಖಾಲಿ ಹಾಳೆಯ ಮೇಲೆ ಮುಂಚಿತವಾಗಿ ಸಹಿ ಪಡೆದಿಟ್ಟುಕೊಳ್ಳುವುದನ್ನು ನಾನು ಯಾವ ಕಾರಣಕ್ಕೂ ಮಾಡುವುದಿಲ್ಲ. ಎಷ್ಟು ದೂರದಿಂದ ಬಂದವರಾದರೂ ಮತ್ತೊಮ್ಮೆ ಬರಲು ಹೇಳುತ್ತೇನೆ. ನ್ಯಾಯಾಂಗ ನಡವಳಿಯಲ್ಲಿ ಸುಳ್ಳು ಸಾಕ್ಷ್ಯ ನುಡಿದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಲ್ಲಿ ಏಳು ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದೆ. ಸಹಿ ಮಾಡುವವರಿಗೆ ಇದನ್ನು ಹೆದರಿಸುವ ಧಾಟಿಯಲ್ಲಿ ಹೇಳಬೇಕಿಲ್ಲ, ಆದರೆ ಹೇಳಲೇಬೇಕು.

ಸತ್ಯಾಪನೆಯಲ್ಲಿ ಲೋಪವಿದ್ದರೆ ಅದು ಸರಿಪಡಿಸಬಹುದಾದ ಲೋಪವೆಂದು ಸುಪ್ರೀಂ ಕೋರ್ಟ್ ಹೇಳಿರುವುದು ನಿಜ, ಅಷ್ಟಕ್ಕೇ ದಾವೆ ವಜಾ ಆಗುವುದಿಲ್ಲ. ಹಾಗಿದ್ದ ಮೇಲೆ ಇಷ್ಟೆಲ್ಲ ಏಕೆ ಎಂದು ಕಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ 2005ರಲ್ಲಿ ಅದೇ ನ್ಯಾಯಾಲಯ, ವಾದಪತ್ರದೊಂದಿಗಿನ ಪ್ರಮಾಣಪತ್ರವು ಹೇಳಿಕೆಯ ಸತ್ಯಕ್ಕೆ ಸಹಿದಾರರ ಮೇಲೆ ಹೆಚ್ಚುವರಿ ಹೊಣೆ ಹೊರಿಸುತ್ತದೆ, ಆದರೆ ವಿಚಾರಣೆಗೆ ಅದೇ ಸಾಕ್ಷ್ಯವಾಗುವುದಿಲ್ಲ ಎಂದಿತು. ಸಾಕ್ಷ್ಯ ಬರುವುದು ಮುಂದೆ, ಆದೇಶ 18, ನಿಯಮ 4ರಂತೆ ಸಾಕ್ಷಿ ತನ್ನ ಹೇಳಿಕೆಯನ್ನು ಬರಹದಲ್ಲಿ ಕೊಡುವ ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲಿ. ಆ ಹಂತದಲ್ಲಿ ವಾದಪತ್ರವನ್ನೇ "ವಾದಿ" ಇರುವಲ್ಲಿ "ನಾನು" ಎಂದು ತಿದ್ದಿ ಹಾಕುವುದು ಸಾಮಾನ್ಯವಾಗಿಬಿಟ್ಟಿದೆ. ಆದೇಶ 19, ನಿಯಮ 3ರ ಪ್ರಕಾರ ಪ್ರಮಾಣಪತ್ರ ಸ್ವಂತ ತಿಳಿವಳಿಕೆಯಿಂದ ರುಜುವಾತು ಮಾಡಬಲ್ಲ ಸಂಗತಿಗಳಿಗೆ ಸೀಮಿತವಾಗಿರಬೇಕು. ತಾನು ನಂಬಿರುವುದನ್ನು ಹೇಳಲು ಅವಕಾಶವಿರುವುದು ಮಧ್ಯಂತರ ಅರ್ಜಿಗಳಲ್ಲಿ ಮಾತ್ರ, ಅದೂ ನಂಬಿಕೆಗೆ ಆಧಾರವನ್ನು ಕೊಟ್ಟು. ತಡೆಯಾಜ್ಞೆಯ ಅರ್ಜಿಯಲ್ಲಿ "ಪ್ರತಿವಾದಿಯು ಜಮೀನು ಮಾರಲು ಹೊರಟಿದ್ದಾನೆಂದು ತಿಳಿದುಬಂದಿದೆ" ಎಂದಷ್ಟೇ ಬರೆಯದೆ, ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನು ನಾನು ಸೇರಿಸುವುದು ಇದಕ್ಕಾಗಿಯೇ.

ಸತ್ಯಾಪನೆಯನ್ನು ಮೊದಲೇ ವಿಂಗಡಿಸಿಟ್ಟರೆ ನ್ಯಾಯಾಲಯ ತೀರ್ಮಾನಿಸಬೇಕಾದ ವಿವಾದಾಂಶಗಳನ್ನು ರಚಿಸಿದ ದಿನ ಸಾಕ್ಷಿಗಳ ಪಟ್ಟಿ ಹೆಚ್ಚುಕಡಿಮೆ ಸಿದ್ಧವಾಗಿರುತ್ತದೆ. ಮೇಲಿನ ದಾವೆಯಲ್ಲಿ ಕಂಡಿಕೆ 7 ಚಿಕ್ಕಪ್ಪನಿಂದ ತಿಳಿದದ್ದು. ಆದ್ದರಿಂದ ಆ ಮಾತನ್ನು ಹೇಳಬೇಕಾದವರು ಚಿಕ್ಕಪ್ಪನೇ ಹೊರತು ವಾದಿಯಲ್ಲ. ಅವರಿಗೆ ವಯಸ್ಸಾಗಿತ್ತು. ಅವರು ಬರಲಾರದೆ ಹೋದರೆ ನ್ಯಾಯಾಲಯ ನೇಮಿಸುವ ಕಮಿಷನರ್ ಮೂಲಕ ಹೇಳಿಕೆ ದಾಖಲಿಸಲು ಅರ್ಜಿ ಹಾಕಬೇಕೆಂದು ವಾದಪತ್ರ ಸಲ್ಲಿಸಿದಾಗಲೇ ಕಡತದ ಮೇಲೆ ಬರೆದಿಟ್ಟಿದ್ದೆ. ಕಂಡಿಕೆ 6ಕ್ಕೆ ಪಹಣಿ, ಮ್ಯುಟೇಷನ್ ದಾಖಲೆಗಳ ದೃಢೀಕೃತ ನಕಲುಗಳು ಆದೇಶ 7, ನಿಯಮ 14ರ ಪಟ್ಟಿಯಲ್ಲಿ ಮೊದಲೇ ಹೋಗಿದ್ದವು. ವಾದಿಯ ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲಿ ಉಳಿದದ್ದು ಆಕೆ ಕಂಡದ್ದು, ಕೇಳಿಸಿಕೊಂಡದ್ದು, ಆಕೆಯ ಮನೆಗೆ ಬಂದ ರಾಗಿ, ಬಾರದೆ ನಿಂತ ವರ್ಷ. ಕಂಡಿಕೆ 7ರ ಬಗ್ಗೆ ಪಾಟಿ ಸವಾಲಿನಲ್ಲಿ ಪ್ರಶ್ನೆ ಬಂದಾಗ, ಅದು ತನಗೆ ಚಿಕ್ಕಪ್ಪ ಹೇಳಿದ್ದು, ಹಾಗೆಂದೇ ದಾವೆಯಲ್ಲಿ ಬರೆಸಿದ್ದೇನೆ ಎಂದು ಅವರು ಉತ್ತರಿಸಿದರು, ಮತ್ತು ಪ್ರತಿವಾದಿಯ ವಕೀಲರು ಮುಂದಿನ ಪ್ರಶ್ನೆಗೆ ಹೋದರು.