ಪುಣೆಯಲ್ಲಿ ಹಳೇ ಕನ್ವರ್ಟಿಬಲ್ ಕೊಳ್ಳುವವರು ಮೊದಲು ನೋಡಬೇಕಾದ್ದು ನಂಬರ್ ಪ್ಲೇಟ್

ಕರ್ನಾಟಕದಿಂದ ಪುಣೆಗೆ ಬಂದು ನಾಲ್ಕು ಕಾಸು ಕೂಡಿಟ್ಟ ನಮ್ಮ ಹುಡುಗರಲ್ಲಿ ಈಗೀಗ ಒಂದು ಆಸೆ ಕಾಣುತ್ತಿದೆ. ರೂಫ್ ತೆಗೆದು ಲೋಣಾವಳ ಘಾಟಿ ಹತ್ತಬೇಕು, ಮಳೆಗಾಲ ಮುಗಿದ ಮೇಲೆ ತಾಮ್ಹಿಣಿ ಕಡೆ ಒಂದು ಸುತ್ತು ಹೋಗಿಬರಬೇಕು. ಒಳ್ಳೆಯ ಆಸೆಯೇ. ಹೊಸ ಕನ್ವರ್ಟಿಬಲ್, ಅಂದರೆ ರೂಫ್ ತೆರೆಯುವ ಕಾರು, ಕೈಗೆಟುಕುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ಕೊನೆಗೆ ಬಹಳ ಜನ ಎರಡು ಗಾಡಿಗಳ ಮಧ್ಯೆ ಸಿಕ್ಕಿಕೊಳ್ಳುತ್ತಾರೆ. ಒಂದು 2010ರ ಆಸುಪಾಸಿನ ಬಿಎಂಡಬ್ಲ್ಯು ಝೆಡ್4. ಇನ್ನೊಂದು 2015ರ ಆಸುಪಾಸಿನ ಆಡಿ ಎ3 ಕ್ಯಾಬ್ರಿಯೋಲೆ. ಯಾವುದು ತಗೊಳ್ಳಲಿ ಸಾರ್ ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಂಬರ್ ಯಾವ ರಾಜ್ಯದ್ದು?

ಗಾಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೀವೇ ವಿಡಿಯೋ ನೋಡಿ ಅರೆದು ಕುಡಿದಿರುತ್ತೀರಿ. ಝೆಡ್4 35ಐಗೆ ಆರು ಸಿಲಿಂಡರಿನ ಟರ್ಬೊ ಎಂಜಿನ್, 306 ಎಚ್‌ಪಿ, ಎರಡೇ ಸೀಟು, ಮಡಚುವ ಲೋಹದ ರೂಫ್. ರೂಫ್ ಮಡಚಿದರೆ 310 ಲೀಟರಿನ ಡಿಕ್ಕಿ 180ಕ್ಕೆ ಇಳಿಯುತ್ತದೆ. ಎ3 ಕ್ಯಾಬ್ರಿಯೋಲೆಗೆ 1.8 ಲೀಟರಿನ ಟಿಎಫ್‌ಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್, 180 ಎಚ್‌ಪಿ, ನಾಲ್ಕು ಸೀಟು, ಬಟ್ಟೆಯ ರೂಫ್. 50 ಕಿಲೋಮೀಟರ್ ವೇಗದವರೆಗೂ ಓಡುತ್ತಲೇ 18 ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ. ಓಡಿಸುವ ಖುಷಿ ಝೆಡ್4ನಲ್ಲಿ ಜಾಸ್ತಿ. ಹೆಂಡತಿ ಮಕ್ಕಳಿದ್ದರೆ ಎ3. ಇದರಲ್ಲಿ ಚರ್ಚೆ ಏನೂ ಇಲ್ಲ.

ಚರ್ಚೆ ಇರುವುದು ಆರ್‌ಟಿಓ ವಿಷಯದಲ್ಲಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕರ್ನಾಟಕದಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರಿಗೆ ಜೀವಾವಧಿ ತೆರಿಗೆ 18 ಪರ್ಸೆಂಟ್, ಮೇಲೆ ಸೆಸ್. ಗಾಡಿ ಜರ್ಮನಿಯಿಂದ ಬಂತೋ ಇಲ್ಲೇ ಜೋಡಿಸಿದರೋ ಅನ್ನುವುದು ಲೆಕ್ಕಕ್ಕಿಲ್ಲ. ಮಹಾರಾಷ್ಟ್ರದಲ್ಲಿ ಹಾಗಲ್ಲ. ವ್ಯಕ್ತಿಯ ಹೆಸರಿನ ಪೆಟ್ರೋಲ್ ಕಾರಿಗೆ 10 ಲಕ್ಷದವರೆಗೆ 11, 20 ಲಕ್ಷದವರೆಗೆ 12, ಅದಕ್ಕೂ ಮೇಲೆ 13 ಪರ್ಸೆಂಟ್. ಇಷ್ಟನ್ನು ನೋಡಿ ನಮ್ಮವರು ಖುಷಿಪಡುತ್ತಾರೆ, ಊರಿಗಿಂತ ಕಡಿಮೆ ಅಲ್ವಾ ಅಂತ. ಆದರೆ ಅದೇ ಪಟ್ಟಿಯಲ್ಲಿ ಕೆಳಗೆ ಇನ್ನೊಂದು ಸಾಲಿದೆ: ಆಮದು ಕಾರು ಮತ್ತು ಕಂಪನಿ ಹೆಸರಿನ ಕಾರಿಗೆ 20 ಪರ್ಸೆಂಟ್. ಎ3 ಸೆಡಾನ್ ಇದೇ ರಾಜ್ಯದ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ಜೋಡಣೆಯಾಗುತ್ತಿತ್ತು. ಕ್ಯಾಬ್ರಿಯೋಲೆ ಪೂರ್ತಿ ತಯಾರಾಗಿಯೇ ಹೊರಗಿನಿಂದ ಬಂದದ್ದು. ಹೆಸರು ಒಂದೇ, ತೆರಿಗೆ ಬೇರೆ. ಝೆಡ್4 ಕೂಡ ಆಮದು ಗಾಡಿಯೇ.

ವಾಕಡ್‌ನಲ್ಲಿರುವ ದಾವಣಗೆರೆಯ ಹುಡುಗನೊಬ್ಬ ಬೆಂಗಳೂರಿನಿಂದ ಕೆಎ ನಂಬರಿನ ಝೆಡ್4 ತಂದ. ಬೆಲೆ ಇಲ್ಲಿಗಿಂತ ಕಡಿಮೆ ಇತ್ತು. ಮಾರಿದವರು ಗಾಡಿ ವರ್ಗಾವಣೆಯ ಫಾರ್ಮ್ 28, 29, 30 ಎಲ್ಲಕ್ಕೂ ಸಹಿ ಹಾಕಿ, ಬೇರೆ ಕಡೆಗೆ ಒಯ್ಯಲು ಆಕ್ಷೇಪಣೆ ಇಲ್ಲ ಅನ್ನುವ ಎನ್‌ಓಸಿ ಪತ್ರ ತೆಗೆಸಿಕೊಟ್ಟು, ಉಳಿದದ್ದು ಅಲ್ಲೇ ಮಾಡಿಸ್ಕೊಳ್ಳಿ ಅಂದರಂತೆ. ಸಂಗಮ್ ಸೇತುವೆ ಹತ್ತಿರದ ಪುಣೆ ಆರ್‌ಟಿಓಗೆ ಹೋದಾಗ ಎರಡು ವಿಷಯ ಒಟ್ಟಿಗೆ ಗೊತ್ತಾಯಿತು. ಮೊದಲನೆಯದು, ವಾಕಡ್ ಬರುವುದು ಎಂಎಚ್-14ಕ್ಕೆ, ಪಿಂಪ್ರಿ-ಚಿಂಚ್‌ವಡ್ ಕಚೇರಿಗೆ. ಎನ್‌ಓಸಿ ತಂದಿದ್ದು ಎಂಎಚ್-12ರ ಹೆಸರಿಗೆ. ಅದನ್ನು ಸರಿಮಾಡಿಸಲು ಮತ್ತೆ ಬೆಂಗಳೂರು. ಎರಡನೆಯದು ಆ 20 ಪರ್ಸೆಂಟ್. ಅವನು ಲೆಕ್ಕ ಹಾಕಿಕೊಂಡಿದ್ದು 13, ಅದೂ ತಾನು ಕೊಟ್ಟ ಬೆಲೆಯ ಮೇಲೆ.

ತೆರಿಗೆ ನೀವು ಕೊಟ್ಟ ಬೆಲೆಯ ಮೇಲೆ ಬೀಳುವುದಿಲ್ಲ. ಗಾಡಿ ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಷ್ಟು ಕಡಿತ ಮಾಡುತ್ತಾರೆ. ಎ3 ಕ್ಯಾಬ್ರಿಯೋಲೆ 2014ರ ಡಿಸೆಂಬರಿನಲ್ಲಿ ಬಿಡುಗಡೆಯಾದಾಗ ದೆಹಲಿಯ ಎಕ್ಸ್-ಶೋರೂಮ್ ಬೆಲೆ 44.75 ಲಕ್ಷ. ಅದರ 20 ಪರ್ಸೆಂಟ್ ಅಂದರೆ ಸುಮಾರು 9 ಲಕ್ಷ. ಕಡಿತ ಶುರುವಾಗುವುದು ಅಲ್ಲಿಂದ. ಹಾಗಾಗಿ ಹೊರರಾಜ್ಯದ ಗಾಡಿಗೆ ಅಡ್ವಾನ್ಸ್ ಕೊಡುವ ಮೊದಲು ಆರ್‌ಸಿ ಮತ್ತು ಮೂಲ ಇನ್‌ವಾಯ್ಸ್‌ನ ಪ್ರತಿ ಹಿಡಿದು ನಿಮ್ಮ ವಿಳಾಸಕ್ಕೆ ಸೇರಿದ ಆರ್‌ಟಿಓಗೆ ಹೋಗಿ ಮೊತ್ತ ಕೇಳಿಕೊಂಡು ಬನ್ನಿ. ಕೌಂಟರಿನಲ್ಲಿ ಮರಾಠಿಯಲ್ಲಿ 'ಉದ್ಯಾ ಯಾ', ನಾಳೆ ಬನ್ನಿ ಅಂದರೆ ನಾಳೆಯೂ ಹೋಗಿ. ಏಜೆಂಟ್ ಬಾಯಿಮಾತಲ್ಲಿ ಹೇಳಿದ ಅಂಕಿ ನಂಬಬೇಡಿ.

ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಪಾಲು ವಾಪಸ್ ಸಿಗುತ್ತದೆ, ನಿಜ. ಆದರೆ ಮೊದಲು ಇಲ್ಲಿ ಪೂರ್ತಿ ಕಟ್ಟಿ, ಹೊಸ ನಂಬರ್ ಬಂದ ಮೇಲೆ, ಅಲ್ಲಿನ ಕಚೇರಿಗೆ ಅರ್ಜಿ ಹಾಕಬೇಕು. ಹಳೇ ಗಾಡಿಯಲ್ಲಿ ಉಳಿದಿರುವ ಪಾಲೂ ಸಣ್ಣದೇ. ಆ ದುಡ್ಡನ್ನು ನಂಬಿ ಬಜೆಟ್ ಮಾಡಬೇಡಿ. ನನ್ನ ಮಟ್ಟಿಗೆ ಕರ್ನಾಟಕದ ಪದ್ಧತಿಯೇ ನೇರ. ತೆರಿಗೆ ಜಾಸ್ತಿ, ಆದರೆ ಒಂದೇ ಸಾಲು, ಓದಿದವನಿಗೆ ಅರ್ಥವಾಗುತ್ತದೆ. ಮಹಾರಾಷ್ಟ್ರದ್ದು ಮಾಮೂಲಿ ಕಾರಿನವನಿಗೆ ಅನುಕೂಲ, ಆಮದು ಕಾರಿನವನಿಗೆ ಅಲ್ಲ. ಒಂದೇ ದೇಶದಲ್ಲಿ ಒಂದು ಗಾಡಿಗೆ ಎರಡು ಸಲ ದುಡ್ಡು ಕಟ್ಟಿ, ಆಮೇಲೆ ಮೊದಲಿನದ್ದನ್ನು ಬೇಡಿ ಪಡೆಯುವುದು ಮಾತ್ರ ಎರಡೂ ಕಡೆ ಅನ್ಯಾಯ.

ಸುಮ್ನೆ ಕೆಎ ನಂಬರಿನಲ್ಲೇ ಓಡಿಸಿದರಾಯಿತು ಅನ್ನುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ 12 ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದಲ್ಲಿ ಇಟ್ಟರೆ ಅಲ್ಲಿನ ನಂಬರ್ ಮಾಡಿಸಲೇಬೇಕು. ಮಾಮೂಲಿ ಹ್ಯಾಚ್‌ಬ್ಯಾಕ್ ಆದರೆ ಯಾರ ಕಣ್ಣಿಗೂ ಬೀಳದೆ ಇರಬಹುದು, ರೂಫ್ ಇಲ್ಲದ ಕಾರು ಹಾಗಿರಲು ಸಾಧ್ಯವೇ ಇಲ್ಲ. 2025ರ ಜುಲೈನಲ್ಲಿ ಬೆಂಗಳೂರಿನಲ್ಲೇ ಮಹಾರಾಷ್ಟ್ರ ನಂಬರಿನ ಫೆರಾರಿಯೊಂದನ್ನು ಹಿಡಿದು ಸುಮಾರು 1.4 ಕೋಟಿ ರೂಪಾಯಿ ಕಟ್ಟಿಸಿಕೊಂಡರು. ಇಲ್ಲೂ ಹೊರರಾಜ್ಯದ ದುಬಾರಿ ಗಾಡಿ ಕಂಡರೆ ನಿಲ್ಲಿಸುತ್ತಾರೆ. ಪಿವೈ ನಂಬರ್, ಅಂದರೆ ಪುದುಚೇರಿಯದ್ದು ಅಗ್ಗಕ್ಕೆ ಸಿಕ್ಕರೆ ಅದು ಯಾಕೆ ಅಗ್ಗ ಅಂತ ಯೋಚಿಸಿ. ಅಲ್ಲಿ ಉಳಿಸಿದ ತೆರಿಗೆಯನ್ನು ಇಲ್ಲಿ ತುಂಬುವವರು ನೀವು.

ಝೆಡ್4ಗೆ ಇನ್ನೊಂದು ಕುತ್ತಿದೆ, ವಯಸ್ಸು. 2010ರ ಗಾಡಿಯ ಆರ್‌ಸಿ 2025ಕ್ಕೆ 15 ವರ್ಷ ಮುಗಿಸಿತು. ನವೀಕರಣ ಐದೈದು ವರ್ಷಕ್ಕೆ. ಫಿಟ್‌ನೆಸ್ ಪರೀಕ್ಷೆ ಇದೆ, ಹಸಿರು ತೆರಿಗೆ ಇದೆ. ಮಾಮೂಲಿ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆದರೆ ಆಮದು ಕಾರಿಗೆ 40,000. ಇಲ್ಲೂ ಅದೇ ಕಥೆ. ನವೀಕರಿಸದ ಗಾಡಿಯನ್ನು ಯಾವ ಬೆಲೆಗೆ ಕೊಟ್ಟರೂ ಬೇಡ.

ಇಷ್ಟೆಲ್ಲ ಪಾಸಾದ ಗಾಡಿ ಸಿಕ್ಕಿದರೆ ನೋಡಲು ಹೋಗಿ. ರೂಫಿನಿಂದ ನೀರು ಸೋರುವುದು ಮಳೆಯಲ್ಲೇ ಗೊತ್ತಾಗುವುದು, ಸಾಧ್ಯವಾದರೆ ಜುಲೈನಲ್ಲೇ ಹೋಗಿ. ಮುಂದಿನ ಸೀಟು ಪೂರ್ತಿ ಹಿಂದೆ ತಳ್ಳಿ, ಕಾರ್ಪೆಟ್ ಎತ್ತಿ, ಕೆಳಗಿನ ಸ್ಪಂಜನ್ನು ಬೆರಳಲ್ಲಿ ಒತ್ತಿ ನೋಡಿ. ಮೇಲೆ ಒಣಗಿದ್ದರೂ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿಡುತ್ತದೆ. ಬೂಷ್ಟಿನ ವಾಸನೆ ಬಂದರೆ ಹೊರಡಿ. ರೂಫ್ ಅರ್ಧ ತೆರೆದು ನಿಲ್ಲಿಸಿ ಬದಿಯ ನೀರಿನ ದಾರಿಗಳಲ್ಲಿ ಎಲೆ, ಮಣ್ಣು ಕಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಎ3ಯಲ್ಲಿ ಬಟ್ಟೆ ಮಡಚುವ ಗೆರೆ ಮತ್ತು ಹಿಂದಿನ ಗಾಜಿನ ಅಂಚು ಸವೆದಿರುತ್ತದೆ. ಝೆಡ್4ನಲ್ಲಿ ರೂಫನ್ನು ಒಂದಲ್ಲ, ನಾಲ್ಕೈದು ಸಲ ಸತತವಾಗಿ ತೆರೆಸಿ ಮುಚ್ಚಿಸಿ. ಮೊದಲ ಸಲ ಸರಿಯಾಗಿ ಹೋಗಿ ಮೂರನೇ ಸಲ ಮಧ್ಯದಲ್ಲಿ ನಿಲ್ಲುವವು ಇವೆ.

ಎಂಜಿನ್ ವಿಷಯದಲ್ಲಿ, ಝೆಡ್4 35ಐನ ಹೈ ಪ್ರೆಶರ್ ಫ್ಯೂಯೆಲ್ ಪಂಪಿಗೆ 2010ರಲ್ಲಿ ಅಮೆರಿಕದಲ್ಲಿ ರೀಕಾಲ್ ಆಗಿತ್ತು, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆದಿತ್ತು. ನೀವು ನೋಡುವ ಗಾಡಿಯಲ್ಲಿ ಅದನ್ನು ಬದಲಿಸಿದ ಬಿಲ್ ಕೇಳಿ. ಎ3ಯ ಏಳು ಗೇರಿನ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಗೇರ್ ಬಾಕ್ಸಿಗೆ ಪುಣೆಯ ತೆವಳುವ ಟ್ರಾಫಿಕ್ಕೇ ಶತ್ರು. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ನಡುಕ ಬಂದರೆ ಬೆಲೆ ಇಳಿಸಿ, ಇಲ್ಲ ಬಿಡಿ.

ಎರಡರಲ್ಲಿ ನನ್ನ ಆಯ್ಕೆ ಎಂಎಚ್ ನಂಬರಿನ, ಒಬ್ಬರೇ ಓಡಿಸಿದ ಎ3. ಎಂಎಚ್ ನಂಬರಿನ ಝೆಡ್4 ಆರ್‌ಸಿ ನವೀಕರಿಸಿ ಕೈಗೆ ಬಂದರೆ ಮಾತ್ರ ಮನಸ್ಸು ಬದಲಾಯಿಸುತ್ತೇನೆ. ಆರ್‌ಸಿ ಕಂಪನಿ ಹೆಸರಲ್ಲಿದ್ದರೆ ಮಾರುವ ಅಧಿಕಾರ ಕೊಟ್ಟ ಪತ್ರ ಕೇಳಿ, ಸಾಲ ಇದ್ದಿದ್ದರೆ ಅದು ತೀರಿತು ಅನ್ನುವ ಫಾರ್ಮ್ 35 ಬೇಕೇ ಬೇಕು. ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಕ್ಕ ರಿಯಾಯಿತಿ, ಅವರ ಜೊತೆಗೇ ಹೋಗುತ್ತದೆ, ಅದರ ವ್ಯತ್ಯಾಸ ನೀವು ಕಟ್ಟಬೇಕು. ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಇನ್ಶೂರೆನ್ಸನ್ನು ಬೇರೆಯಾಗಿ ಕೇಳಿ ಹಾಕಿಸಿ. ನಿಂತ ನೀರಿನಲ್ಲಿ ಗಾಡಿ ಆಫ್ ಆದಾಗ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಅದಕ್ಕೆ ದುಡ್ಡು ಕೊಡುವುದಿಲ್ಲ.