ಕಂಪನಿಗಳ ಪೈಪೋಟಿಯ ನಡುವೆ ನಮ್ಮ ವಿಆರ್ ಕೆಲಸ

ಪುಣೆಯ ಬಾಣೇರ್, ವಾಕಡ್ ಕಡೆಯ ಬಿಲ್ಡರುಗಳಿಗೆ ಇನ್ನೂ ಪಾಯದಲ್ಲೇ ಇರುವ ಫ್ಲಾಟನ್ನು ವಿಆರ್‌ನಲ್ಲಿ (ವರ್ಚುವಲ್ ರಿಯಾಲಿಟಿ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿದರೆ ಒಳಗೇ ನಿಂತಂತೆ ಕಾಣುವ ಚಿತ್ರ) ತೋರಿಸಿಕೊಡುವುದು ನನ್ನ ಕಸುಬು. ಮೊದಲು ಇದ್ದದ್ದು ಎರಡೇ ದಾರಿ. 2014ರಲ್ಲಿ ಗೂಗಲ್ ತಂದ ಕಾರ್ಡ್‌ಬೋರ್ಡ್‌ಗೆ ರಟ್ಟು, ಎರಡು ಲೆನ್ಸ್, ಯಾರದೋ ಒಂದು ಫೋನು ಸಾಕು. ಅದೇ ವರ್ಷ ಸ್ಯಾಮ್ಸಂಗ್ ಮತ್ತು ವಿಆರ್ ಕಂಪನಿ ಆಕ್ಯುಲಸ್ ಕೂಡಿ ಹೊರತಂದ ಗೇರ್ ವಿಆರ್‌ಗೆ ಸ್ಯಾಮ್ಸಂಗಿನ ಆಯ್ದ ಫೋನೇ ಬೇಕು.

ಸೈಟ್ ಆಫೀಸಿಗೆ ನಾನು ಗೇರ್ ವಿಆರ್ ಇಟ್ಟೆ. ವಿಜಯಪುರದಿಂದ ಮಗನ ಫ್ಲಾಟ್ ನೋಡಲು ಬಂದ ಹಿರಿಯರೊಬ್ಬರಿಗೆ ಮೊದಲು ಅಗ್ಗದ ಫೋನು ಹಾಕಿದ ರಟ್ಟಿನ ಪೆಟ್ಟಿಗೆ ಕೊಟ್ಟಿದ್ದೆವು. “ತಮ್ಮಾ, ನಾ ತಿರುಗಿದ ಮ್ಯಾಲ ಅಡಿಗಿಮನಿ ತಿರುಗತೈತಲ್ಲೋ, ತಲಿ ಗಿರ್ ಅನ್ನಾಕತ್ತೈತಿ” ಅಂದರು. ಗೇರ್ ವಿಆರ್ ಹಾಕಿಸಿ, ಮೇಲಿನ ಫೋಕಸ್ ಚಕ್ರ ತಿರುಗಿಸಿ ಕೊಟ್ಟೆವು. ಆಮೇಲೆ ಅವರು ಕೇಳಿದ್ದು ಸಿಲಿಂಡರ್ ಎಲ್ಲಿ ಇಡೋದು ಅಂತ! ತಲೆ ತಿರುಗಿದ್ದನ್ನು ಅಳೆಯಲು ಫೋನಿನ ಸೆನ್ಸರನ್ನು ನಂಬದೆ ಹೆಡ್‌ಸೆಟ್ಟಿನಲ್ಲೇ ಬೇರೆ ಸೆನ್ಸರ್ ಇಟ್ಟಿದ್ದರು; ಆಕ್ಯುಲಸ್‌ನವರಿಗೆ ಫೋನಿನ ಒಳಸಾಫ್ಟ್‌ವೇರಿನವರೆಗೂ ಸ್ಯಾಮ್ಸಂಗ್ ಕೈಹಾಕಲು ಬಿಟ್ಟಿತ್ತು. ಒಂದೇ ಕಂಪನಿಯಿಂದ ಆಗ ಇದು ಆಗುತ್ತಿರಲಿಲ್ಲ ಎಂದೇ ನನ್ನ ಲೆಕ್ಕ.

ಮನೆಗೆ ಕಳಿಸಲು ಮಾತ್ರ ಕಾರ್ಡ್‌ಬೋರ್ಡೇ. ಬಿಲ್ಡರ್ ಲೋಗೋ ಅಚ್ಚು ಹಾಕಿಸಿದ ಪೆಟ್ಟಿಗೆಗಳಲ್ಲಿ ಒಂದೊಂದು ಸರಕಿಗೆ ಒಂದೊಂದು ಲೆನ್ಸ್ ಬರುತ್ತಿತ್ತು, ಗೋಡೆಗಳು ಬಿಲ್ಲಿನಂತೆ ಬಾಗಿ ಕಾಣುತ್ತಿದ್ದವು. ಲೆನ್ಸ್‌ಗಳ ನಡುವಿನ ಅಂತರ, ಲೆನ್ಸಿನಿಂದ ಪರದೆಗಿರುವ ಅಂತರ, ಲೆನ್ಸು ಗೆರೆ ಬಾಗಿಸುವ ಪ್ರಮಾಣ ಅಳೆದು, ಆ ಲೆಕ್ಕವನ್ನು ಕ್ಯೂಆರ್ ಕೋಡಾಗಿಸಿ, ಸ್ಟಿಕ್ಕರ್ ಅಂಟಿಸುತ್ತಿದ್ದೆ. ಸ್ಕ್ಯಾನ್ ಮಾಡಿದರೆ ಗೋಡೆ ನೆಟ್ಟಗಾಗುತ್ತಿತ್ತು.

2016ರಲ್ಲಿ ಗೂಗಲ್ ಡೇಡ್ರೀಮ್ ತಂತು, ಇದೂ ಆಯ್ದ ಫೋನು ಬೇಡುವ ವಿಆರ್ ವ್ಯವಸ್ಥೆಯೇ. ಎಚ್‌ಟಿಸಿ, ಎಲ್‌ಜಿ, ಹುವಾವೇ, ಶಿಯೋಮಿ ಎಲ್ಲರ ಹೆಸರೂ ಪಟ್ಟಿಯಲ್ಲಿತ್ತು. ಮರುವರ್ಷ ಸ್ಯಾಮ್ಸಂಗಿನ ಎಸ್8 ಕೂಡ ಸೇರಿ, ಒಂದೇ ಫೋನು ಎರಡೂ ಪಾಳೆಯದಲ್ಲಿ ನಿಂತಿತು. ನಾನು ಅದಕ್ಕೆ ಕೈಹಾಕಲಿಲ್ಲ. ನಮ್ಮ ಗಿರಾಕಿಗಳ ಜೇಬಿನಲ್ಲಿ ಗೂಗಲ್ಲಿನದೇ ಫೋನಾದ ಪಿಕ್ಸೆಲ್ ಎಲ್ಲಿ ಬರಬೇಕು?

ಯಾವ ಕಂಪನಿಗಳ ನಂಟು ಯಾವಾಗ ಮುರಿಯುತ್ತದೋ ಗೊತ್ತಿಲ್ಲದ್ದರಿಂದ ಕೆಲಸವನ್ನೇ ಎರಡು ಭಾಗ ಮಾಡಿಟ್ಟುಕೊಂಡಿದ್ದೆ. 360 ಡಿಗ್ರಿ ಚಿತ್ರ, ಕೋಣೆಯಿಂದ ಕೋಣೆಗೆ ಹೋಗುವ ಕೋಡ್ ಒಂದೇ; ಪ್ರತಿ ಹೆಡ್‌ಸೆಟ್ಟಿಗೆ ಮೇಲೊಂದು ತೆಳು ಕೋಡ್ ಪದರ. ಗೇರ್ ವಿಆರ್ ಪದರದಲ್ಲಿ ಪರೀಕ್ಷೆಯ ಪ್ರತಿ ಫೋನಿಗೂ ಆ್ಯಪ್ ಓಡಲು ಆಕ್ಯುಲಸ್ ಕೊಡುವ ಬೇರೆ ಸಹಿ ಫೈಲ್ ಹಾಕಬೇಕಿತ್ತು, ಆ ರಗಳೆ ಉಳಿದ ಕೋಡಿಗೆ ತಾಗುತ್ತಿರಲಿಲ್ಲ.

2018ರಲ್ಲಿ ಆಕ್ಯುಲಸ್ಸಿನ ಒಡೆಯ ಫೇಸ್‌ಬುಕ್ ಶಿಯೋಮಿಯ ಕೈಯಲ್ಲಿ ಮಾಡಿಸಿದ ಆಕ್ಯುಲಸ್ ಗೋ ಬಂತು, ಫೋನೇ ಬೇಡ. ಪೆಟ್ಟಿಗೆಗೆ ಫೋನು ಸಿಕ್ಕಿಸಿ, ಬ್ಯಾಟರಿ ಖಾಲಿ ಮಾಡಿಕೊಂಡು, ಬಂದ ಕರೆ ಬಿಟ್ಟು ಕೂರುವ ತಾಪತ್ರಯ ಅಲ್ಲಿಗೆ ಮುಗಿಯಿತು. 2019ರ ಆಗಸ್ಟಿನಲ್ಲಿ ಬಂದ ಸ್ಯಾಮ್ಸಂಗಿನ ನೋಟ್ 10 ಫೋನಿಗೆ ಗೇರ್ ವಿಆರ್ ಹೊಂದಲಿಲ್ಲ. ಅಕ್ಟೋಬರಿನಲ್ಲಿ ಡೇಡ್ರೀಮ್ ಹೆಡ್‌ಸೆಟ್ ಮಾರಾಟವೂ ನಿಂತಿತು. ನಾನು ಪದರ ಬದಲಿಸಿದೆ, ಅಷ್ಟೇ.

2025ರ ಅಕ್ಟೋಬರಿನಲ್ಲಿ ಗೂಗಲ್, ಸ್ಯಾಮ್ಸಂಗ್, ಚಿಪ್ ಮಾಡುವ ಕ್ವಾಲ್ಕಾಮ್ ಮೂರೂ ಕೂಡಿ ಗ್ಯಾಲಕ್ಸಿ ಎಕ್ಸ್ಆರ್ ಹೆಡ್‌ಸೆಟ್ ತಂದಿವೆ. ಯಾವ ಬಿಲ್ಡರೂ ಇನ್ನೂ ಕೇಳಿಲ್ಲ. ಕೇಳಿದ ದಿನ ಅದಕ್ಕೂ ಒಂದು ಪದರ ಬರೆಯುತ್ತೇನೆ, ಅಡ್ವಾನ್ಸ್ ಬಂದ ಮೇಲೆ.