ಎತ್ತರ ಮಾಡಿ ಮತ್ತೆ ಇಳಿಸಿದ ಜಿಪ್ಸಿ

ನನ್ನ ಮಾರುತಿ ಜಿಪ್ಸಿ 1997ರದ್ದು. ಜಿಪ್ಸಿ ಕಿಂಗ್, 1298 ಸಿಸಿ ಪೆಟ್ರೋಲ್ ಇಂಜಿನ್, ಕಾರ್ಬ್ಯುರೇಟರ್ ಗಾಡಿ. 2016ರಲ್ಲಿ ಕೊಂಡಾಗ ಹಿಂದಿನ ಅಡ್ಡ ಸೀಟುಗಳನ್ನು ಹಳೇ ಮಾಲೀಕರೇ ಬಿಚ್ಚಿ ಇಟ್ಟಿದ್ದರು. ಟಾರ್ಪಾಲು ತೆಗೆದರೆ ಅದೊಂದು ಪುಟ್ಟ ಪಿಕಪ್. ಮೂಡಿಗೆರೆ ಕಡೆಯ ನಮ್ಮ ತೋಟಕ್ಕೆ ಬೇಕಿದ್ದದ್ದೂ ಅದೇ. ಗೊಬ್ಬರ, ಕಾಫಿ ಚೀಲ, ಪಂಪ್‌ಸೆಟ್ಟು, ಒಮ್ಮೊಮ್ಮೆ ನಾಯಿ, ಎಲ್ಲ ಹಿಂದೆ. ಸೀಟುಗಳು ಅಟ್ಟದ ಮೇಲಿವೆ. ಎಫ್‌ಸಿಗೆ ಹೋಗುವ ದಿನ ಮಾತ್ರ ಕೆಳಗಿಳಿಯುತ್ತವೆ.

ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರು. ಕೊನೆಯ ಏರು ಕೆಂಪು ಜೇಡಿಮಣ್ಣು. ಬೇಸಿಗೆಯಲ್ಲಿ ಸ್ಕೂಟರೂ ಹತ್ತುತ್ತದೆ. ಪುನರ್ವಸು ಮಳೆ ಹಿಡಿದರೆ ನಡೆದು ಹೋಗುವವರೇ ಜಾರಿ ಬೀಳುತ್ತಾರೆ. ಆ ವರ್ಷ ನನ್ನ ಗಾಡಿ ಅರ್ಧ ಏರಿನಲ್ಲಿ ಮೂರು ಸಲ ನಿಂತಿತು. ಪಕ್ಕದ ತೋಟದವರ ಹಳೇ ಮಹೀಂದ್ರಾ ಜೀಪು ಹಗ್ಗ ಕಟ್ಟಿ ಎಳೆಯಿತು. ಮೂರನೇ ಸಲ ಅವರು ಏನೂ ಹೇಳಲಿಲ್ಲ, ಸುಮ್ನೆ ನಕ್ಕರು. ಅದೇ ಜಾಸ್ತಿ ನಾಟಿತು.

ಗಾಡಿ ಎತ್ತರ ಮಾಡಿದರೆ ಎಲ್ಲ ಸರಿಯಾಗುತ್ತದೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ರ‍್ಯಾಲಿಗಳಲ್ಲಿ ನೋಡಿದ್ದ ಜಿಪ್ಸಿಗಳೆಲ್ಲ ಎತ್ತರದವೇ ಅಲ್ವಾ? ಜಿಪ್ಸಿಯಲ್ಲಿ ನಾಲ್ಕೂ ಚಕ್ರಕ್ಕೆ ಪ್ಲೇಟ್ ಸ್ಪ್ರಿಂಗು. ಕಂಪನಿಯಿಂದ ಬರುವಾಗ ಎರಡು ಚಕ್ರ ಸೇರಿಸುವ ಆಕ್ಸಲ್ಲು ಮೇಲಿರುತ್ತದೆ, ಪ್ಲೇಟುಗಳು ಅದರ ಕೆಳಗೆ. ಇದನ್ನು ಅದಲು ಬದಲು ಮಾಡಿ ಪ್ಲೇಟುಗಳನ್ನು ಆಕ್ಸಲ್ ಮೇಲೆ ಕೂರಿಸಿದರೆ ಬಾಡಿ ಸುಮಾರು ಐದು ಇಂಚು ಮೇಲೇರುತ್ತದೆ. ಹೊಸ ಸ್ಪ್ರಿಂಗು ಬೇಡ, ಸ್ಪ್ರಿಂಗು ಕೂರುವ ಹಳೇ ಪ್ಯಾಡು ಕತ್ತರಿಸಿ ಮೇಲ್ಗಡೆ ವೆಲ್ಡಿಂಗ್ ಮಾಡಿದರಾಯಿತು. ಅಗ್ಗ. ಎರಡು ದಿನದ ಕೆಲಸ.

ಗ್ಯಾರೇಜಿನ ಮೇಸ್ತ್ರಿ ಮೊದಲೇ ಹೇಳಿದ್ದರು. "ಗೌಡ್ರೆ, ನೋಡಕ್ಕೆ ಚೆನ್ನಾಗಿರುತ್ತೆ. ಓಡ್ಸಕ್ಕೆ ಆಮೇಲೆ ನನ್ನ ಬೈಬೇಡಿ."

ಓಡಿಸಿದೆ. ಮೊದಲು ಅಮ್ಮ ಹತ್ತಲು ಸ್ಟೂಲು ಬೇಕಾಯಿತು. "ಇದೇನೋ, ಅಂಬಾರಿ ಹತ್ತಿಸ್ತೀಯಾ?" ಅಂದರು. ಅದು ಹೋಗಲಿ. ಕ್ಲಚ್ ಬಿಟ್ಟು ಜೋರಾಗಿ ಎಳೆದರೆ ಹಿಂದಿನ ಆಕ್ಸಲ್ ತಿರುಚಿಕೊಂಡು ಪ್ಲೇಟುಗಳು ಎಸ್ ಆಕಾರಕ್ಕೆ ಬಾಗುತ್ತಿದ್ದವು. ಆಮೇಲೆ ಧಡ್ ಅಂತ ವಾಪಸ್. ಬ್ರೇಕ್ ಹೋಸುಗಳು ಬಿಗಿದುಕೊಂಡವು. ಸ್ಟೀರಿಂಗ್ ರಾಡು ಓರೆಯಾಗಿ ನಿಂತು, ಗುಂಡಿ ಬಂದಾಗಲೆಲ್ಲ ಸ್ಟೀರಿಂಗು ತಾನೇ ತಿರುಗುತ್ತಿತ್ತು. ತೋಟದ ತಿರುವಿನಲ್ಲಿ ಗಾಡಿ ವಾಲಿದಾಗ ಹೊಟ್ಟೆಯಲ್ಲಿ ತಣ್ಣಗಾಗುತ್ತಿತ್ತು.

ಇಷ್ಟೆಲ್ಲ ಆದ ಮೇಲೂ ಆ ಏರಿನಲ್ಲಿ ಗಾಡಿ ಮತ್ತೆ ನಿಂತಿತು! ಇಳಿದು ಬಗ್ಗಿ ನೋಡಿದೆ. ಕಲ್ಲಿಗೆ ತಾಗಿದ್ದು ಹಿಂದಿನ ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಗುಂಡು, ಎರಡೂ ಚಕ್ರಕ್ಕೆ ಎಳೆತ ಹಂಚುವ ಗೇರುಗಳ ಡಬ್ಬಿ. ಅದು ಒಂದು ನೂಲೂ ಮೇಲೇರಿರಲಿಲ್ಲ. ಸ್ಪ್ರಿಂಗು ಎತ್ತುವುದು ಬಾಡಿಯನ್ನು ಮಾತ್ರ. ಆಕ್ಸಲ್ ಮೇಲೇರಬೇಕಾದರೆ ಟೈರೇ ದೊಡ್ಡದಾಗಬೇಕು. ಇಷ್ಟು ಸರಳ ಲೆಕ್ಕ ಕೈಯಲ್ಲಿ ದುಡ್ಡಿದ್ದಾಗ ಹೊಳೆಯುವುದಿಲ್ಲ.

ಮರು ವರ್ಷ ಇಪ್ಪತ್ತು ತುಂಬಿದ ಗಾಡಿಗೆ ಆರ್‌ಸಿ ನವೀಕರಣ. ಹದಿನೈದು ವರ್ಷದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ತಪಾಸಣೆ ಇರುತ್ತದೆ. ತಪಾಸಣೆಯವರು ಗಾಡಿ ನೋಡಿ ಒಳಗೆ ಬರಲೂ ಬಿಡಲಿಲ್ಲ. ಅವರದ್ದು ತಪ್ಪಿಲ್ಲ ಬಿಡಿ. ವಾಪಸ್ ಬಂದು ಎಲ್ಲ ಬಿಚ್ಚಿಸಿ ಪ್ಯಾಡುಗಳನ್ನು ಹಳೇ ಜಾಗಕ್ಕೆ ಹಾಕಿಸಿದೆ. ಬಿಚ್ಚುವಾಗ ಒಂದು ಪ್ಯಾಡಿನ ವೆಲ್ಡಿಂಗಿನಲ್ಲಿ ಕೂದಲೆಳೆ ಬಿರುಕು ಕಂಡಿತು. ಅದನ್ನು ನೋಡಿದ ಮೇಲೆ ಎತ್ತರದ ಆಸೆ ಪೂರ್ತಿ ಹೋಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಹೇಳಿತಲ್ಲ, ಆಗ ನಮ್ಮ ಕಡೆ ಬಹಳ ಜನ ತಲೆ ಕೆಡಿಸಿಕೊಂಡರು. ನನ್ನದು ಅಷ್ಟು ಹೊತ್ತಿಗೆ ಇಳಿದು ಕೂತಿತ್ತು.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಅದರಲ್ಲಿ ಹೆಚ್ಚಿನದು ಮಾಡಿಫಿಕೇಶನ್ ಅಲ್ಲವೇ ಅಲ್ಲ, ಇದ್ದದ್ದನ್ನು ಸರಿ ಮಾಡಿದ್ದು.

ಅರವತ್ತರ ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ನಡುಗುತ್ತಿದ್ದವು. ಹಳೇ ಜಿಪ್ಸಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ. ಎಲ್ಲರೂ ಮೊದಲು ವೀಲ್ ಬ್ಯಾಲೆನ್ಸ್ ಮಾಡಿಸುತ್ತಾರೆ, ಆಮೇಲೆ ಸ್ಟೀರಿಂಗ್ ಡ್ಯಾಂಪರ್ ಹಾಕಿಸುತ್ತಾರೆ. ಡ್ಯಾಂಪರ್ ಹಾಕಿದರೆ ನಡುಕ ಮುಚ್ಚಿಹೋಗುತ್ತದೆ, ಹೋಗುವುದಿಲ್ಲ. ನಾನು ಮತ್ತು ಮೇಸ್ತ್ರಿ ಒಂದು ಭಾನುವಾರ ಮುಂದಿನ ನಕಲ್, ಅಂದರೆ ಚಕ್ರ ತಿರುಗುವ ಗೆಣ್ಣು, ಬಿಚ್ಚಿದೆವು. ಚಕ್ರ ಎಡಕ್ಕೆ ಬಲಕ್ಕೆ ತಿರುಗುವುದು ಮೇಲೊಂದು ಕೆಳಗೊಂದು ಇರುವ ಕಿಂಗ್‌ಪಿನ್ ಬೇರಿಂಗುಗಳ ಮೇಲೆ. ಒಳಗೆ ಗ್ರೀಸು ಇರಬೇಕಿತ್ತು. ಕಪ್ಪು ನೀರು ಸುರಿಯಿತು, ಹಿಂದೆಯೇ ತುಕ್ಕಿನ ಪುಡಿ. ಕೆಳಗಿನ ಬೇರಿಂಗಿನ ರೋಲರುಗಳು ಬೇರಿಂಗಿನ ಹೊರಬಳೆಯ ಮೇಲೆ ತಮ್ಮ ಅಚ್ಚೇ ಒತ್ತಿದ್ದವು. ಬೆರಳಾಡಿಸಿದರೆ ಸಾಲು ಸಾಲು ಗೀರು ತಾಗುತ್ತಿತ್ತು. ಚಕ್ರ ನೇರವಾಗಿದ್ದಾಗ ಬೇರಿಂಗು ಆ ಗೀರಿನಲ್ಲೇ ಸಡಿಲವಾಗಿ ಕೂತು ಆಡುತ್ತಿತ್ತು. ನಡುಕ ಬರದೇ ಇನ್ನೇನು?

ಹೊಸ ಬೇರಿಂಗು, ಹೊಸ ಆಯಿಲ್ ಸೀಲು ಹಾಕಿದೆವು. ಆದರೆ ಬಿಗಿ ಎಷ್ಟಿರಬೇಕು? ಪಿನ್ನಿನ ಕೆಳಗೆ ತೆಳು ಲೋಹದ ಬಿಲ್ಲೆಗಳು, ಅಂದರೆ ಶಿಮ್‌ಗಳಿರುತ್ತವೆ, ಒಂದು ತೆಗೆದರೆ ಬಿಗಿ ಜಾಸ್ತಿಯಾಗುತ್ತದೆ. ಆಯಿಲ್ ಸೀಲು ಹಾಕುವ ಮುಂಚೆ ನಕಲ್‌ನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಬೇಕು. ತಿರುಗಲು ಒಂದೂವರೆ ಕೆಜಿ ಆಸುಪಾಸು ಬೇಕಾಗಬೇಕು. ನಮ್ಮ ಹತ್ತಿರ ತಕ್ಕಡಿ ಇರಲಿಲ್ಲ. ಮೇಸ್ತ್ರಿ ಹುಡುಗನನ್ನು ಕಳಿಸಿ ಸಂತೆಯ ಮೀನಿನವರ ಹತ್ತಿರ ಕೊಕ್ಕೆ ತಕ್ಕಡಿ ತರಿಸಿದರು. ಮೊದಲ ಸಲ ಎಳೆದಾಗ ಮುಳ್ಳು ಅರ್ಧ ಕೆಜಿಯನ್ನೂ ದಾಟಲಿಲ್ಲ. ಒಂದು ಶಿಮ್ ತೆಗೆದೆವು, ಒಂದು ಕೆಜಿ. ಇನ್ನೊಂದು ತೆಳುವಾದದ್ದು ತೆಗೆದ ಮೇಲೆ ಒಂದೂವರೆಗೆ ಬಂತು. ಎರಡೂ ಕಡೆ ಮುಗಿಸಿ ಟಾರು ರಸ್ತೆಗೆ ತಂದೆ. ಅರವತ್ತು, ಎಪ್ಪತ್ತು, ಸ್ಟೀರಿಂಗು ತಣ್ಣಗೆ. ಕೈಗೆ ಮಾತ್ರ ಎರಡು ದಿನ ಮೀನಿನ ವಾಸನೆ.

ಟೈರು ಹಾಕಿಸಿದ್ದು 215/75 ಆರ್15, ಮಡ್ ಟೈರು. ಮೊದಲು ಇದ್ದದ್ದು 205/70. ಇದೂ ಕಂಪನಿ ಅಳತೆ ಅಲ್ಲ, ಒಪ್ಪಿಕೊಳ್ಳುತ್ತೇನೆ. ವ್ಯಾಸ ಮೂರೂವರೆ ಸೆಂಟಿಮೀಟರು ಜಾಸ್ತಿ. ಅಂದರೆ ಆಕ್ಸಲ್ ನಿಜವಾಗಿ ಮೇಲೇರಿದ್ದು ಸುಮಾರು 18 ಮಿಲಿಮೀಟರು. ಐದು ಇಂಚಿನ ಎತ್ತರ ಮಾಡದ ಕೆಲಸವನ್ನು ಈ 18 ಮಿಲಿಮೀಟರು ಮಾಡಿತು. ಸ್ಪೀಡೋಮೀಟರು ಮಾತ್ರ 60 ತೋರಿಸಿದರೆ ನಿಜವಾದ ವೇಗ 63.

ಟೈರಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಗಾಳಿ ಇಳಿಸುವುದು, ಅದೂ ಬಿಟ್ಟಿ. ರಸ್ತೆಯಲ್ಲಿ 26 ಪಿಎಸ್‌ಐ, ಏರಿನ ಬುಡದಲ್ಲಿ 15. ಟೈರು ಚಪ್ಪಟೆಯಾಗಿ ಮಣ್ಣನ್ನು ಹಿಡಿದುಕೊಳ್ಳುತ್ತದೆ. ತೀರಾ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುತ್ತದೆ, ಆ ಪಾಠವೂ ಆಗಿದೆ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪು ಸೀಟಿನ ಕೆಳಗೇ ಇರುತ್ತದೆ. ನಾಲ್ಕು ಚಕ್ರ ತುಂಬಲು ಇಪ್ಪತ್ತು ನಿಮಿಷ. ಅಷ್ಟು ಹೊತ್ತಿಗೆ ಮನೆಯಿಂದ ಫೋನು ಬಂದಿರುತ್ತದೆ, ಎಲ್ಲಿದ್ದೀರಿ ಅಂತ.

ಇನ್ನೊಂದು, ಏರಿಗೆ ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆತದ ಗೇರು) ಹಾಕಿದ ಮೇಲೆ ನಾನು ಮೊದಲ ಗೇರಿನಲ್ಲಿ ಹೋಗುವುದಿಲ್ಲ. ಜಿಪ್ಸಿಯಲ್ಲಿ ಮುಂದಿನ ಹಿಂದಿನ ಚಕ್ರಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸಿನಲ್ಲಿ ಹೈ ಗೇರಿನ ಅನುಪಾತ 1.409, ಲೋ 2.268. ಎಳೆತ 1.6 ಪಟ್ಟು ಆಗುತ್ತದೆ. ಮೊದಲ ಗೇರಿನಲ್ಲಿ ಅದು ಜೇಡಿಗೆ ಅತಿಯಾಗಿ ಚಕ್ರ ನಿಂತಲ್ಲೇ ಸುಮ್ನೆ ಸುತ್ತುತ್ತದೆ. ಎರಡನೇ ಗೇರು ಹಾಕಿ, ಆಕ್ಸಲರೇಟರ್ ಒಂದೇ ಹದದಲ್ಲಿ ಹಿಡಿದರೆ ಹತ್ತಿಕೊಂಡು ಹೋಗುತ್ತದೆ.

ಹಳ್ಳ ದಾಟುವವರು ಆಕ್ಸಲ್‌ನ ಬ್ರೀದರ್, ಅಂದರೆ ಗಾಳಿಯಾಡುವ ಸಣ್ಣ ಕೊಳವೆ, ನೋಡಿಕೊಳ್ಳಿ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ. ನನ್ನ ಹಿಂದಿನ ಡಿಫರೆನ್ಷಿಯಲ್ ಎಣ್ಣೆ ಇಳಿಸಿದಾಗ ಹಾಲು ಜಾಸ್ತಿಯಾದ ಕಾಫಿಯಂತೆ ಬಂದಿತ್ತು. ಪೆಟ್ರೋಲ್ ಪೈಪಿನ ತುಂಡೊಂದನ್ನು ಬ್ರೀದರಿಗೆ ಸಿಕ್ಕಿಸಿ ಬಾಡಿಯವರೆಗೆ ಮೇಲೆ ತಂದೆ, ಮುಂದಿನದಕ್ಕೂ ಹಾಗೇ. ನೂರು ರೂಪಾಯಿಯೂ ಆಗಲಿಲ್ಲ.

ಪ್ಲೇಟು ಮೆತ್ತಗಾಗಲಿ ಅಂತ ಹಿಂದೆ ಒಂದು ಪ್ಲೇಟು ತೆಗೆದು ನೋಡಿದ್ದೂ ಉಂಟು. ಖಾಲಿ ಗಾಡಿ ಜೋಕಾಲಿಯಂತೆ ಹೋಯಿತು. 50 ಕೆಜಿಯ ಆರು ಚೀಲ ಹೇರಿದ ದಿನ ಹಿಂಭಾಗ ಕೂತೇಬಿಟ್ಟಿತು. ಮಾರನೇ ದಿನವೇ ವಾಪಸ್ ಹಾಕಿಸಿದೆ. ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕರ್ ವಿಚಾರಿಸಿದೆ, ಬೆಲೆ ಕೇಳಿ ಫೋನಿಟ್ಟೆ.

ಈಗ ಉಳಿದಿರುವ ತಕರಾರು ಕಾರ್ಬ್ಯುರೇಟರಿನದ್ದು. ತೀರಾ ಕಡಿದಾದ ಕಡೆ ಮೂತಿ ಮೇಲಾಗಿ ನಿಂತರೆ ಒಳಗಿನ ಫ್ಲೋಟು ಲೆಕ್ಕ ತಪ್ಪಿ ಪೆಟ್ರೋಲು ತುಂಬಿಕೊಂಡು ಇಂಜಿನ್ ಆಫ್ ಆಗುತ್ತದೆ. ಮೇಸ್ತ್ರಿ ಫ್ಲೋಟನ್ನು ಒಂದು ಚೂರು ತಗ್ಗಿಸಿ ನೋಡೋಣ ಅಂದಿದ್ದಾರೆ. ಕೊಯ್ಲು ಮುಗಿಯಲಿ ಅಂತ ಕಾಯುತ್ತಿದ್ದೇನೆ.